ದಿವಾಳಿ ಬ್ಯಾರಿಸ್ಟರು ಹಿಡಿದ ಬಾಂಬ್ ಕೇಸು

ಪೇಟೆಯಲ್ಲಿ ಯಾವನೋ ಒಬ್ಬ ಕಳವಿನ ಕೇಸಲ್ಲೋ ಕೊಲೆ ಕೇಸಲ್ಲೋ ಸಿಕ್ಕಿಬಿದ್ದ ಅಂದರೆ ಸಾಕು, ಸಂಜೆಯೊಳಗೆ ಅಂಗಡಿ ಕಟ್ಟೆಯ ಮೇಲೇ ತೀರ್ಪು ಆಗಿಬಿಡುತ್ತದೆ. ಇಂಥವನಿಗೆ ವಕೀಲರು ಬೇರೆ ಕೇಡು ಅಂತ ಒಬ್ಬರು, ಕೋರ್ಟೇ ಬೇಡ, ನಾಲ್ಕು ಬಾರಿಸಿದರೆ ನಿಜ ಹೊರಗೆ ಬರುತ್ತೆ ಅಂತ ಬಸ್ಸಿನಲ್ಲಿ ಕೂತ ಇನ್ನೊಬ್ಬರು. ಸಾಲದ್ದಕ್ಕೆ ಕೆಲವು ಊರುಗಳಲ್ಲಿ ವಕೀಲರ ಸಂಘಗಳೇ ಇಂಥ ಆರೋಪಿಯ ಪರ ಯಾರೂ ವಕಾಲತ್ತು ಹಾಕಕೂಡದು ಅಂತ ಠರಾವು ಮಾಡಿದ್ದೂ ಉಂಟು. ಹೀಗೆ ಅನ್ನುವವರು ಚಿತ್ತರಂಜನ ದಾಸರ ಕಥೆ ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು.

ಇವರು ನಮ್ಮ ಹರಿದಾಸರಲ್ಲ, ಬಂಗಾಳದ ಬ್ಯಾರಿಸ್ಟರು. ದೇಶಬಂಧು ಅಂತ ಜನ ಕರೆದದ್ದು ಇವರನ್ನೇ. ರೈಲಿನ ಕರೆಂಟ್ ಇಂಜಿನ್ನುಗಳನ್ನು ತಯಾರಿಸುವ ಪಶ್ಚಿಮ ಬಂಗಾಳದ ದೊಡ್ಡ ಕಾರ್ಖಾನೆಗೂ ಅದಿರುವ ಊರಿಗೂ ಇವರದೇ ಹೆಸರು.

ಸಾಲದ ಮನೆ

ದಾಸರು ಹುಟ್ಟಿದ್ದು 1870ರ ನವೆಂಬರ್ 5ರಂದು, ಕಲ್ಕತ್ತೆಯಲ್ಲಿ. ತಂದೆ ಭುವನ ಮೋಹನ ದಾಸರೂ ವಕೀಲಿ ವೃತ್ತಿಯವರೇ. ಮಗ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಇಂಗ್ಲೆಂಡಿಗೆ ಹೋದದ್ದು ಐಸಿಎಸ್ ಪಾಸು ಮಾಡಿ ದೊಡ್ಡ ಸಾಹೇಬನಾಗಲಿ ಅಂತ. ಅದು ಕೈಗೂಡಲಿಲ್ಲ. ಬ್ಯಾರಿಸ್ಟರ್ ಪದವಿ ಹೊತ್ತು ವಾಪಸು ಬಂದರು. ಬಂದರೆ ಮನೆಯ ತುಂಬ ಸಾಲ. ತಂದೆಯ ಕೈ ದೊಡ್ಡದು, ಜಮೆಗಿಂತ ಖರ್ಚೇ ಹೆಚ್ಚು. ಹೊಸ ವಕೀಲನ ಹತ್ತಿರ ಕಕ್ಷಿಗಾರರು ಸುಳಿಯರು. ಕಡೆಗೆ 1906ರಲ್ಲಿ ತಂದೆ ಮಗ ಇಬ್ಬರೂ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಬೇಕಾಗಿ ಬಂತು. ವ್ಯಾಪಾರದವರಿಗೆ ಈ ಮಾತಿನ ಭಾರ ಬೇರೆ ಹೇಳಬೇಕಾಗಿಲ್ಲ. ದಿವಾಳಿ ಅಂತ ಒಮ್ಮೆ ಹೆಸರು ಬಿತ್ತೆಂದರೆ ಬಜಾರಿನಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ.

ಇಂಥ ಕಾಲದಲ್ಲೇ ಅಲಿಪುರದ ಬಾಂಬ್ ಕೇಸು ಬಂದದ್ದು.

ಆದದ್ದು ಏನು?

1908ರ ಏಪ್ರಿಲ್ 30ರ ರಾತ್ರಿ ಬಿಹಾರದ ಮುಜಫರಪುರದಲ್ಲಿ ಖುದಿರಾಮ್ ಬೋಸ್, ಪ್ರಫುಲ್ಲ ಚಾಕಿ ಎಂಬ ಇಬ್ಬರು ಹುಡುಗರು ಒಂದು ಸಾರೋಟಿನ ಮೇಲೆ ಬಾಂಬು ಎಸೆದರು. ಗುರಿ ಕಿಂಗ್ಸ್‌ಫರ್ಡ್ ಎಂಬ ಜಡ್ಜಿ. ಸತ್ತದ್ದು ಮಾತ್ರ ಅಲ್ಲಿಯ ವಕೀಲ ಕೆನಡಿಯವರ ಹೆಂಡತಿ ಮತ್ತು ಮಗಳು, ಏನೂ ಅರಿಯದ ಇಬ್ಬರು ಹೆಂಗಸರು. ಚಾಕಿ ಪೊಲೀಸರ ಕೈಗೆ ಸಿಗದೆ ಗುಂಡು ಹೊಡೆದುಕೊಂಡ. ಖುದಿರಾಮನಿಗೆ ಆಗಸ್ಟ್ 11ರಂದು ಗಲ್ಲಾಯಿತು.

ಎರಡೇ ದಿನದಲ್ಲಿ ಕಲ್ಕತ್ತೆಯಲ್ಲಿ ಧರಪಕಡ್ ಶುರುವಾಯಿತು. ಮಾಣಿಕತಲಾದ ತೋಟವೊಂದರಲ್ಲಿ ಬಾಂಬು, ಬಂದೂಕು ಸಿಕ್ಕಿದವು. ತೋಟದ ಮುಖ್ಯಸ್ಥ ಬಾರೀಂದ್ರ ಘೋಷ್ ಸಿಕ್ಕಿದ. ಅವನ ಅಣ್ಣ ಅರವಿಂದ ಘೋಷರನ್ನೂ ಮೇ 2ರ ಬೆಳಗಿನ ಜಾವ ಮನೆಯಿಂದಲೇ ಎಳೆದೊಯ್ದರು. ಅರವಿಂದರು ಆಗ ಪತ್ರಿಕೆಯಲ್ಲಿ ಬರೆಯುವ, ಸಭೆಗಳಲ್ಲಿ ಸ್ವರಾಜ್ಯ ಸಾರುವ ಮುಖಂಡರು. ಸರ್ಕಾರಕ್ಕೆ ಅಸಲು ಬೇಕಾಗಿದ್ದವರೂ ಇವರೇ.

ಸರ್ಕಾರದ ಪರ ನಿಂತವರು ಮದರಾಸಿನ ಹೆಸರಾಂತ ಬ್ಯಾರಿಸ್ಟರ್ ಅರ್ಡ್ಲಿ ನಾರ್ಟನ್. ಆರೋಪಿಗಳ ಪರ ಜನರಿಂದ ಚಂದಾ ಎತ್ತಿದ ಹಣ ಬೇಗ ಕರಗಿತು. ಮೊದಲು ನಿಂತ ದೊಡ್ಡ ವಕೀಲರು ಹಿಂದೆ ಸರಿದರು. ಆಗ ಕೇಸು ಹಿಡಿದವರು ದಿವಾಳಿ ಬ್ಯಾರಿಸ್ಟರ್ ದಾಸ್. ಫೀಜಿನ ಆಸೆ ಇಲ್ಲ. ಬೇರೆ ಕೇಸುಗಳನ್ನು ಬದಿಗಿಟ್ಟು ತಿಂಗಳುಗಟ್ಟಲೆ ಇದೊಂದರಲ್ಲೇ ಮುಳುಗಿದರು. ಮನೆಯ ಸಾಲ ಇನ್ನಷ್ಟು ಬೆಳೆಯಿತು.

ಕೋರ್ಟಿನೊಳಗೆ

ಸೆಷನ್ಸ್ ವಿಚಾರಣೆ 1908ರ ಅಕ್ಟೋಬರ್ 19ರಂದು ಶುರುವಾಯಿತು. ಸಾಕ್ಷಿಗಳು 206 ಜನ. ಕಾಗದಪತ್ರ ನಾಲ್ಕು ಸಾವಿರದ ಮೇಲೆ. ಜಡ್ಜಿ ಬೀಚ್‌ಕ್ರಾಫ್ಟ್ ಅವರದೊಂದು ತಮಾಷೆ. ಈತನೂ ಅರವಿಂದರೂ 1890ರಲ್ಲಿ ಒಟ್ಟಿಗೇ ಐಸಿಎಸ್ ಪರೀಕ್ಷೆಗೆ ಕೂತವರು. ಗ್ರೀಕ್ ಭಾಷೆಯಲ್ಲಿ ಅರವಿಂದರು ಮೊದಲು, ಈತ ಎರಡನೆಯವ. ಈಗ ಒಬ್ಬರು ಪೀಠದ ಮೇಲೆ, ಒಬ್ಬರು ಕಟಕಟೆಯ ಒಳಗೆ.

ಆರೋಪಿಗಳಲ್ಲೇ ಒಬ್ಬನಾದ ನರೇನ್ ಗೋಸಾಯಿ ಮಾಫಿಸಾಕ್ಷಿಯಾಗಿ ಸರ್ಕಾರದ ಕಡೆ ತಿರುಗಿದ್ದ. ಮ್ಯಾಜಿಸ್ಟ್ರೇಟರ ಮುಂದೆ ಅರವಿಂದರ ಮೇಲೂ ಹೇಳಿಕೆ ಕೊಟ್ಟಿದ್ದ. ಆದರೆ ಸೆಷನ್ಸ್ ವಿಚಾರಣೆಗೆ ಮುಂಚೆಯೇ ಕನ್ಹಾಯಿಲಾಲ್ ದತ್ತ, ಸತ್ಯೇಂದ್ರನಾಥ ಬೋಸ್ ಎಂಬ ಜೊತೆ ಕೈದಿಗಳು ಜೈಲಿನೊಳಗೇ ಅವನನ್ನು ಗುಂಡಿಟ್ಟು ಕೊಂದರು. ಆ ಇಬ್ಬರಿಗೂ ಗಲ್ಲಾಯಿತು, ಅದು ಬೇರೆ ಮಾತು. ಅವನ ಹೇಳಿಕೆಯ ಗತಿ ಏನಾಯಿತು? ಆರೋಪಿಯ ಕಡೆಯವರು ಅವನಿಗೆ ಪಾಟೀಸವಾಲು ಹಾಕಿರಲಿಲ್ಲ. ಪಾಟೀಸವಾಲು ಕಾಣದ ಮಾತು ಒಂದೇ ತಟ್ಟೆಯ ತಕ್ಕಡಿ ಇದ್ದಂತೆ, ಅದರಲ್ಲಿ ತೂಗಿದ್ದು ತೂಕವಲ್ಲ. ಹೇಳಿಕೆ ಬಿದ್ದುಹೋಯಿತು.

ಇನ್ನೊಂದು, ಮಿಠಾಯಿ ಚೀಟಿ. ಮಿಠಾಯಿ ಹಂಚುವ ಕಾಲ ಬಂತು ಅಂತ ಬಾರೀಂದ್ರ ಅಣ್ಣನಿಗೆ ಬರೆದ ಕಾಗದ ಸಿಕ್ಕಿದೆ ಅಂತ ಪೊಲೀಸರು ಹಾಜರುಪಡಿಸಿದರು. ಮಿಠಾಯಿ ಅಂದರೆ ಬಾಂಬು ಅನ್ನುವುದು ಅವರ ವಾದ. ದಾಸರು ಚೀಟಿಯನ್ನು ಹಿಂದುಮುಂದು ತಿರುವಿ ನೋಡಿದರು. ಬಂಗಾಳದ ಮನೆಯಲ್ಲಿ ತಮ್ಮನಾದವನು ಅಣ್ಣನನ್ನು ಹೀಗೆ ಸಂಬೋಧಿಸಿ, ಕೆಳಗೆ ತನ್ನ ಹೆಸರು ಪೂರಾ ಬರೆದು ಸಹಿ ಹಾಕುತ್ತಾನೆಯೇ ಅಂತ ಕೇಳಿದರು. ಇದು ಖೊಟ್ಟಿ ಅಂದರು. ಜಡ್ಜಿಯೂ ಆ ಚೀಟಿಯನ್ನು ನಂಬಿ ತೀರ್ಪು ಬರೆಯಲಿಲ್ಲ.

ದಾಸರ ಕೊನೆಯ ವಾದ ಒಂದು ವಾರ ಮೀರಿ ನಡೆಯಿತು. ಸ್ವರಾಜ್ಯ ಬೇಕು ಅನ್ನುವುದೇ ಅಪರಾಧವಾದರೆ ತಮ್ಮ ಕಕ್ಷಿಗಾರ ಅಪರಾಧಿ, ಬಾಂಬು ಮಾಡಿದ್ದು ಅಪರಾಧವಾದರೆ ಅದಕ್ಕೆ ಪುರಾವೆ ತೋರಿಸಿ ಅನ್ನುವುದು ಅದರ ತಿರುಳು.

1909ರ ಮೇ 6ರಂದು ತೀರ್ಪು ಬಂತು. ಅರವಿಂದರು ಖುಲಾಸೆ. ಇನ್ನೂ ಹಲವರು ಬಿಡುಗಡೆ. ಬಾರೀಂದ್ರ ಮತ್ತು ಉಲ್ಲಾಸಕರ ದತ್ತರಿಗೆ ಗಲ್ಲು. ಮಿಕ್ಕವರಲ್ಲಿ ಎಷ್ಟೋ ಮಂದಿಗೆ ಕರಿನೀರಿನ ಶಿಕ್ಷೆ. ದಾಸರು ಅಲ್ಲಿಗೇ ಕೈತೊಳೆದುಕೊಳ್ಳಲಿಲ್ಲ. ಹೈಕೋರ್ಟಿನಲ್ಲಿ ಅಪೀಲು ನಡೆಸಿದರು. ಎರಡೂ ಗಲ್ಲು ಇಳಿದು ಅಂಡಮಾನಿನ ಶಿಕ್ಷೆಯಾಯಿತು. ಖುಲಾಸೆಯಾದ ಅರವಿಂದರು ಮರುವರ್ಷ ಪಾಂಡಿಚೇರಿ ಸೇರಿ ಯೋಗಿಯಾದದ್ದು ಎಲ್ಲರಿಗೂ ಗೊತ್ತು.

ವಿಷಯ ಇಷ್ಟೇ. ಬಾಂಬು ಮಾಡಿದವರೂ ಅದೇ ಕಟಕಟೆಯಲ್ಲಿದ್ದರು, ಮಾಡದವರೂ ಇದ್ದರು. ಹೊರಗೆ ನಿಂತು ನೋಡಿದವರಿಗೆ ಎಲ್ಲರೂ ಒಂದೇ. ಕಾಳು ಬೇರೆ ಜೊಳ್ಳು ಬೇರೆ ಮಾಡಲು ಮೊರ ಬೇಕು. ಕೋರ್ಟಿನಲ್ಲಿ ಆ ಮೊರ ಹಿಡಿಯುವವನೇ ಆರೋಪಿಯ ವಕೀಲ.

ಕೊಟ್ಟ ಮಾತು, ಬಿಟ್ಟ ಸಂಪಾದನೆ

ಕೇಸಿನ ನಂತರ ದಾಸರ ಹೆಸರು ದೇಶವೆಲ್ಲ ಹಬ್ಬಿತು. ಕಕ್ಷಿಗಾರರು ಸಾಲುಗಟ್ಟಿದರು. ಢಾಕಾ ಒಳಸಂಚಿನ ಕೇಸಿನಲ್ಲೂ ಆರೋಪಿಗಳ ಪರ ನಿಂತರು. ಕೈಯಲ್ಲಿ ಹಣ ಆಡತೊಡಗಿದ ಮೇಲೆ ಅವರು ಮಾಡಿದ ಕೆಲಸ ನೋಡಿ. ದಿವಾಳಿಯಾದವನು ಹಳೇ ಸಾಲ ತೀರಿಸಬೇಕೆಂಬ ಕಟ್ಟುಪಾಡು ಕಾನೂನಿನಲ್ಲಿ ಇರಲಿಲ್ಲ. ಆದರೂ 1913ರಲ್ಲಿ ಸಾಲ ಕೊಟ್ಟವರನ್ನು ಕರೆದು ಲೆಕ್ಕ ಚುಕ್ತಾ ಮಾಡಿದರು.

1920ರ ನಾಗಪುರ ಕಾಂಗ್ರೆಸ್ಸಿನ ನಂತರ ಗಾಂಧೀಜಿಯ ಅಸಹಕಾರಕ್ಕೆ ಸೇರಿ ಭರಾಟೆಯ ವಕೀಲಿಯನ್ನೇ ಬಿಟ್ಟರು. 1921ರ ಡಿಸೆಂಬರಿನಲ್ಲಿ ಅವರೇ ಆರೋಪಿಯಾಗಿ ಜೈಲು ಸೇರಿದರು. ಹೆಂಡತಿ ಬಾಸಂತೀದೇವಿಯವರೂ ಅದೇ ತಿಂಗಳು ಬಂಧನ ಕಂಡರು. 1923ರಲ್ಲಿ ಮೋತಿಲಾಲ್ ನೆಹರೂ ಜೊತೆ ಸ್ವರಾಜ್ಯ ಪಕ್ಷ ಕಟ್ಟಿದರು. ಗಾಂಧೀಜಿಗೂ ಈ ಪಕ್ಷಕ್ಕೂ ಆದ ರಾಜಿಗೆ ಒಪ್ಪಿಗೆ ಸಿಕ್ಕಿದ್ದು ನಮ್ಮ ಬೆಳಗಾವಿಯ 1924ರ ಅಧಿವೇಶನದಲ್ಲಿ. ಅದೇ ವರ್ಷ ಕಲ್ಕತ್ತೆಯ ಮೇಯರ್ ಆದರು. 1925ರ ಜೂನ್ 16ರಂದು ಡಾರ್ಜಿಲಿಂಗಿನಲ್ಲಿ ತೀರಿಕೊಂಡಾಗ ವಯಸ್ಸು 54. ಇದ್ದ ಮನೆಯನ್ನೂ ದೇಶಕ್ಕೆ ಬರೆದುಕೊಟ್ಟಿದ್ದರು. ಅದು ಹೆಂಗಸರ ಆಸ್ಪತ್ರೆಯಾಯಿತು.

ಇವತ್ತಿನ ಮಾತು

ಆರೋಪಿಗೆ ವಕೀಲ ಸಿಗುವುದು ಈಗ ಯಾರ ಔದಾರ್ಯವೂ ಅಲ್ಲ. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಇಷ್ಟಪಟ್ಟ ವಕೀಲರನ್ನು ಕಾಣಲು ಬಿಡಬೇಕು ಅಂತ ಸಂವಿಧಾನದ 22ನೇ ವಿಧಿ ಹೇಳುತ್ತದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಯಾರನ್ನೂ ಬಲವಂತ ಮಾಡಕೂಡದು ಅನ್ನುವುದು 20ನೇ ವಿಧಿ. ಠಾಣೆಯಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ಮೇಲೆ ರುಜುವಾತು ಮಾಡುವಂತಿಲ್ಲ. ಇದು 1872ರ ಸಾಕ್ಷ್ಯ ಕಾಯಿದೆಯಲ್ಲಿತ್ತು, 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾಯಿದೆಯಲ್ಲೂ ಉಳಿದಿದೆ. ನಾಲ್ಕು ಬಾರಿಸಿದರೆ ನಿಜ ಬರುತ್ತೆ ಅನ್ನುವವರು ಇದನ್ನು ಗಮನಿಸಬೇಕು. ಇನ್ನು ವಕೀಲರ ಸಂಘಗಳ ಬಹಿಷ್ಕಾರದ ಠರಾವುಗಳು ಕಾನೂನುಬಾಹಿರ ಅಂತ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿಯಾಗಿದೆ.

ಫೀಜಿಗೆ ದುಡ್ಡಿಲ್ಲದವರು ಏನು ಮಾಡಬೇಕು? ಎಲ್ಲರ ಪಾಲಿಗೂ ಒಬ್ಬ ದಾಸ್ ಸಿಗುವುದಿಲ್ಲ. ಅದಕ್ಕೇ 1987ರಲ್ಲಿ ಕಾನೂನು ಸೇವೆಗಳ ಕಾಯಿದೆ ಬಂತು. ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಸರ್ಕಾರವೇ ವಕೀಲರನ್ನು ಕೊಡಬೇಕು. ತಾಲ್ಲೂಕು ಕೋರ್ಟಿನಲ್ಲೇ ಇದರ ಸಮಿತಿ ಇದೆ, ಅರ್ಜಿ ಅಲ್ಲೇ ಕೊಡಬಹುದು. ಫೋನಿನಲ್ಲಾದರೆ ನಂಬರು 15100.