ನಾಟ್ಯವಿಶಾರದೆ ಶಾಂತಲಾದೇವಿ

ಕನ್ನಡನಾಡಿನ ಚರಿತ್ರೆಯಲ್ಲಿ ರಾಜ್ಯವನ್ನಾಳಿದ ರಾಣಿಯರೂ ಯುದ್ಧಕ್ಕೆ ನಿಂತ ರಾಣಿಯರೂ ಉಂಟು. ಪಟ್ಟದ ರಾಣಿಯಾಗಿದ್ದು ನೃತ್ಯವಿದ್ಯೆಗಾಗಿ ಶಾಸನಗಳಲ್ಲಿ ಕೀರ್ತಿಸಲ್ಪಟ್ಟವಳು ಹೊಯ್ಸಳ ವಿಷ್ಣುವರ್ಧನನ ಮಹಿಷಿ ಶಾಂತಲಾದೇವಿ. ನಮ್ಮ ಬಾಲಿಕೆಯರು ಗೆಜ್ಜೆ ಕಟ್ಟಿ ರಂಗಕ್ಕೆ ಬರುವಾಗ, ಹೆಣ್ಣುಮಕ್ಕಳಿಗೆ ಈ ವಿದ್ಯೆಯು ತಕ್ಕುದೇ ಎಂದು ಶಂಕಿಸುವ ತಾಯಿತಂದೆಗಳು ಇಂದಿಗೂ ಇದ್ದಾರೆ. ಅವರು ಈಕೆಯ ಚರಿತ್ರೆಯನ್ನು ಅರಿಯಬೇಕೆಂದು ಅದನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು.

ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯನು ಶಿವಭಕ್ತನು. ತಾಯಿ ಮಾಚಿಕಬ್ಬೆಯು ಜಿನಭಕ್ತೆ. ಪತಿಯು ವಿಷ್ಣುವಿನ ಆರಾಧಕನಾದನು. ಈಕೆಯು ತಾಯಿಯ ಧರ್ಮವನ್ನು ಕಡೆಯವರೆಗೂ ಬಿಡಲಿಲ್ಲ. ಅನ್ಯರ ಧರ್ಮವನ್ನು ಹಳಿಯಲೂ ಇಲ್ಲ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದಾಗ, ಅದೇ ಪ್ರಾಕಾರದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಈಕೆಯು ಕಟ್ಟಿಸಿದಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ, ಶಾಂತಿನಾಥನ ಬಿಂಬವನ್ನು ಸ್ಥಾಪಿಸಿದಳು. ಹಳೇಬೀಡಿನ ಜೋಡಿ ಶಿವಾಲಯಗಳಲ್ಲಿ ಒಂದು ಶಾಂತಲೇಶ್ವರವೆಂದು ಈಕೆಯ ಹೆಸರನ್ನೇ ಹೊತ್ತಿರುವುದು.

ಗೀತ, ವಾದ್ಯ, ನೃತ್ಯಗಳೆಂಬ ಮೂರರಲ್ಲಿಯೂ ಈಕೆಯು ಪ್ರವೀಣೆಯಾಗಿದ್ದಳೆಂದು ಶಾಸನಗಳು ಸಾರುತ್ತವೆ. ಆ ಕಾಲದಲ್ಲಿ ನೃತ್ಯವು ಬರಿಯ ವಿನೋದವಾಗಿರಲಿಲ್ಲ. ದೇವಾಲಯಗಳಿಗೆ ಕೊಟ್ಟ ದತ್ತಿಗಳಲ್ಲಿ ಅಂಗಭೋಗದೊಡನೆ ರಂಗಭೋಗವೂ ಸೇರಿರುತ್ತಿತ್ತು. ಹಾಡು ಕುಣಿತಗಳು ಪೂಜೆಯ ಅಂಗಗಳೇ ಆಗಿದ್ದುವು. ಬೇಲೂರಿನ ನವರಂಗದ ನಡುವೆ ನುಣುಪಾದ ವೃತ್ತಾಕಾರದ ಶಿಲಾವೇದಿಕೆಯುಂಟು. ರಾಣಿಯು ಅಲ್ಲಿ ದೇವರೆದುರಿಗೆ ನರ್ತಿಸುತ್ತಿದ್ದಳೆಂದು ಜನರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ.

ಶಾಸ್ತ್ರಕಾರರು ನೃತ್ಯವನ್ನು ಮಾರ್ಗ, ದೇಶಿ ಎಂದು ಎರಡು ಬಗೆಯಾಗಿ ವಿಂಗಡಿಸಿದರು. ನಿಯಮಬದ್ಧವಾದುದು ಮಾರ್ಗ; ಆಯಾ ನಾಡಿನ ಜನರ ವಾಡಿಕೆಯಿಂದ ಬೆಳೆದುದು ದೇಶಿ. ಈಕೆಯ ಸಮಕಾಲೀನನಾದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ನೃತ್ಯವನ್ನು ವಿಸ್ತಾರವಾಗಿ ವಿವರಿಸಿದ್ದಾನೆ. ಈ ಎರಡು ಬಗೆಗಳ ಸಾಮರಸ್ಯವನ್ನು ಕಣ್ಣಾರೆ ಕಾಣಬೇಕಾದರೆ ಬೇಲೂರಿನ ಮದನಿಕೆಯರನ್ನು ನೋಡಬೇಕು. ಹೊರಗೆ ಮೂವತ್ತೆಂಟು, ಒಳಗೆ ನಾಲ್ಕು, ಒಟ್ಟು 42 ವಿಗ್ರಹಗಳು. ಅವುಗಳಲ್ಲಿ ಕೆಲವನ್ನು ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಕೆತ್ತಿದರು. ಶಾಸ್ತ್ರೋಕ್ತ ಭಂಗಿಯಲ್ಲಿ ನಿಂತ ನರ್ತಕಿಯ ಸಾಲಿನಲ್ಲಿಯೇ ಬಿಲ್ಲು ಹಿಡಿದ ಬೇಟೆಗಾರ್ತಿಯೂ, ವಾದ್ಯ ಬಾರಿಸುತ್ತ ಕುಣಿಯುವವಳೂ ಇದ್ದಾರೆ. ಅರಮನೆಯ ಕಲೆಗೂ ಕಾಡುಮೇಡಿನ ಬಾಳಿಗೂ ಶಿಲ್ಪಿಗಳು ಸಮಾನವಾದ ಸ್ಥಾನವನ್ನಿತ್ತರು. ದರ್ಪಣವನ್ನು ನೋಡುತ್ತಿರುವ ಸುಂದರಿಯು ಶಾಂತಲೆಯೇ ಎಂಬ ನಂಬಿಕೆಯು ಜನಪದದಲ್ಲಿ ಬೇರೂರಿದೆ.

1131ರಲ್ಲಿ ಶಾಂತಲೆಯು ಶಿವಗಂಗೆಯಲ್ಲಿ ದೇಹವನ್ನು ಬಿಟ್ಟಳು. ಮಗಳ ಅಗಲಿಕೆಯನ್ನು ತಾಳಲಾರದೆ ಮಾಚಿಕಬ್ಬೆಯು ಬೆಳಗೊಳಕ್ಕೆ ಹೋಗಿ, ಒಂದು ತಿಂಗಳು ಉಪವಾಸವಿದ್ದು ಪ್ರಾಣತ್ಯಾಗಮಾಡಿದಳು. ಪುತ್ರಸಂತಾನವಿಲ್ಲದ ದುಃಖದಿಂದ ರಾಣಿಯು ಬೆಟ್ಟದ ತುದಿಯಿಂದ ಧುಮುಕಿದಳೆಂಬ ಕಥೆಯೊಂದು ಪ್ರಚಾರದಲ್ಲಿದೆ. ಶಾಸನವು ಆಕೆ ಅಲ್ಲಿ ಸ್ವರ್ಗಸ್ಥಳಾದುದನ್ನು ಹೇಳುವುದೇ ಹೊರತು ಧುಮುಕಿದ ಮಾತನ್ನೆತ್ತುವುದಿಲ್ಲ. ವಿದ್ಯೆಯಿಂದಲೂ ದಾನದಿಂದಲೂ ಸಾರ್ಥಕವಾದ ಬಾಳನ್ನು ಪುತ್ರನಿಲ್ಲದುದರಿಂದ ನಿಷ್ಫಲವೆಂದೆಣಿಸುವ ಈ ಕಥೆಯನ್ನು ನಮ್ಮ ಬಾಲಿಕೆಯರು ಸತ್ಯವೆಂದು ಭಾವಿಸಬಾರದು.

ಹೆಬ್ಬಗೋಡಿಯ ನೆರೆಯ ಹುಸ್ಕೂರಿನಲ್ಲಿ ಮದ್ದೂರಮ್ಮನ ಜಾತ್ರೆಯ ತಮಟೆ ಮೊಳಗುವಾಗ ಮಕ್ಕಳ ಕಾಲುಗಳು ತಾವಾಗಿಯೇ ಕುಣಿಯುವುದನ್ನು ನಾವೆಲ್ಲರೂ ಬಲ್ಲೆವು. ಆ ಉತ್ಸಾಹಕ್ಕೆ ಶಿಕ್ಷಣವೂ ಸಂಯಮವೂ ಕೂಡಿದರೆ ಅದೇ ನಾಟ್ಯ. ಆ ವಿದ್ಯೆಯಿಂದ ರಾಣಿಯೊಬ್ಬಳ ಮಾನವು ಕುಂದಲಿಲ್ಲ. ಕಲ್ಲಿನ ಮೇಲೆ ಚಿರವಾಗಿ ನಿಂತಿತು. ನಮ್ಮ ಹೆಣ್ಣುಮಕ್ಕಳ ಕಾಲಿನ ಗೆಜ್ಜೆಯನ್ನು ಬಿಚ್ಚಿಸುವ ಮೊದಲು ತಾಯಿತಂದೆಗಳು ಒಮ್ಮೆ ಬೇಲೂರಿಗೆ ಹೋಗಿ ಬರಲಿ.