ಚಿತ್ರ ತೆಗೆಯುತ್ತ ವಿಜ್ಞಾನಿಯಾದ ಕಾಹಾಲ್



ಪಾಠ ಬಿಟ್ಟು ಚಿತ್ರ ತೆಗೀತೀನಿ ಅಂತ ನಮ್ಮಪ್ಪ ನನಗ ಬೈತಿದ್ದರು. ಸ್ಪೇನ್ ದೇಶದ ಕಾಹಾಲ್ ಅವರ ತಂದೆಯೂ ಹೀಗೇ. ಕಾಹಾಲ್ 1852ರಲ್ಲಿ ಜನಿಸಿದರು. ಅವರಿಗೆ ಚಿತ್ರಕಾರನಾಗುವ ಆಸೆ, ತಂದೆಗೆ ಮಗ ಡಾಕ್ಟರನಾಗಬೇಕೆಂಬ ಹಟ. ಕಡೆಗೆ ತಂದೆಯೇ ಎಲುಬುಗಳ ಚಿತ್ರ ತೆಗೆಸುತ್ತ ಶರೀರಶಾಸ್ತ್ರ ಕಲಿಸಿದರು.

ಸ್ನಾಯು ಗುರುತಿಸುವುದು ಸುಲಭ. ಕೈಕಾಲಿನದಕ್ಕೆ ಅಡ್ಡಪಟ್ಟೆ, ಹೃದಯದ್ದಕ್ಕೆ ಪಟ್ಟೆಯ ಜೊತೆ ಕವಲು, ಜಠರದ್ದಕ್ಕೆ ಪಟ್ಟೆಯೇ ಇಲ್ಲ. ಆದರೆ ನರಗಳೆಲ್ಲ ಕೂಡಿದ ಒಂದೇ ಬಲೆ ಎಂದು ಆಗ ಬಹಳ ವಿಜ್ಞಾನಿಗಳು ನಂಬಿದ್ದರು. ಗಾಲ್ಜಿಯವರ ಬೆಳ್ಳಿಯ ವಿಧಾನದಿಂದ ನರಕೋಶ ಕಪ್ಪಾಗಿ ಕಾಣುತ್ತಿತ್ತು. ಅದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದು, ಪ್ರತಿ ನರಕೋಶವೂ ಬೇರೆ ಬೇರೆ ಎಂದು ಕಾಹಾಲ್ 1888ರಲ್ಲಿ ತೋರಿಸಿದರು. 1906ರಲ್ಲಿ ಇಬ್ಬರಿಗೂ ನೊಬೆಲ್ ಬಂತು. 1934ರಲ್ಲಿ ಕಾಹಾಲ್ ತೀರಿಕೊಂಡರು.

ಇದನ್ನ ಹೇಳಿದ ಮ್ಯಾಲ ಅಪ್ಪ ವಿಜಯಪುರದ ಗಾಂಧಿ ಚೌಕದಿಂದ ಬಣ್ಣದ ಪೆನ್ಸಿಲ್ ತಂದುಕೊಟ್ಟಾರ. ಕೆಳಗಿನ ನರಕೋಶ ಅದರಿಂದಲೇ ತೆಗೆದದ್ದು.