ಸುಣ್ಣದೊಳಗಿನ ಗಾಳಿ: ಅಧ್ಯಾಪಕ ಜೋಸೆಫ್ ಬ್ಲ್ಯಾಕ್

ಎಮಿಷನ್, ಅಬ್ಸಾರ್ಪ್ಷನ್, ಕ್ಯಾಲ್ಸಿನೇಷನ್, ಲೇಟೆಂಟ್ ಹೀಟ್, ಕಾರ್ಬನ್ ಕ್ಯಾಪ್ಚರ್. ಹವಾಗುಣ ಬದಲಾವಣೆಯ ಪಾಠದಲ್ಲಿ ಈ ಇಂಗ್ಲಿಷ್ ಪದಗಳು ಸಾಲುಗಟ್ಟಿ ಬರುತ್ತವೆ. ಕನ್ನಡ ಮಾಧ್ಯಮದ ಮಕ್ಕಳು ಇವನ್ನು ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಪಿಯುಸಿ ವಿಜ್ಞಾನಕ್ಕೆ ಹೋದಾಗ ಇಡೀ ಪಾಠವೇ ಇಂಗ್ಲಿಷಿನಲ್ಲಿದ್ದರೆ ಆ ಬಾಯಿಪಾಠ ಕೈಹಿಡಿಯುವುದಿಲ್ಲ. ಈ ಪದಗಳ ಹಿಂದಿರುವ ಅನಿಲವನ್ನು ತಕ್ಕಡಿಯ ಲೆಕ್ಕದಲ್ಲಿ ಗುರುತಿಸಿದ ಜೋಸೆಫ್ ಬ್ಲ್ಯಾಕ್ ಒಬ್ಬ ಅಧ್ಯಾಪಕರು. ಅವರ ಬದುಕನ್ನು ಶಿಕ್ಷಕರಾಗಲು ಹೊರಟಿರುವ ನಾವು ತಿಳಿದಿರಬೇಕು.

ಬಾಲ್ಯ ಮತ್ತು ಶಿಕ್ಷಣ

ಬ್ಲ್ಯಾಕ್ 1728ರ ಏಪ್ರಿಲ್ 16ರಂದು ಫ್ರಾನ್ಸಿನ ಬೋರ್ಡೋ ಪಟ್ಟಣದಲ್ಲಿ ಹುಟ್ಟಿದರು. ತಂದೆ ಬೆಲ್‌ಫಾಸ್ಟ್ ಮೂಲದ ವೈನ್ ವ್ಯಾಪಾರಿ, ತಾಯಿ ಸ್ಕಾಟ್ಲೆಂಡ್ ಮೂಲದ ಮನೆತನದವರು. ಊರಿನ ಮಾತು ಫ್ರೆಂಚ್. ಇಂಗ್ಲಿಷ್ ಓದನ್ನು ಮನೆಯಲ್ಲಿ ತಾಯಿಯೇ ಕಲಿಸಿದರು. 12ನೇ ವಯಸ್ಸಿನಲ್ಲಿ ಬೆಲ್‌ಫಾಸ್ಟಿನ ಶಾಲೆಗೆ ಸೇರಿ, ಅಲ್ಲಿಂದ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಹೋದರು.

ಗ್ಲಾಸ್ಗೋದಲ್ಲಿ ಅವರಿಗೆ ದೊರೆತ ಗುರು ವಿಲಿಯಂ ಕಲೆನ್. ವಿದ್ವಾಂಸರ ಭಾಷೆ ಲ್ಯಾಟಿನ್ ಆಗಿದ್ದ ಕಾಲದಲ್ಲಿ ಕಲೆನ್ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದರು. ಅವರ ಪ್ರಯೋಗಾಲಯದಲ್ಲಿ ಬ್ಲ್ಯಾಕ್ ಸಹಾಯಕರಾದರು. ಬಳಿಕ ವೈದ್ಯಶಿಕ್ಷಣ ಮುಗಿಸಲು ಎಡಿನ್‌ಬರೊಗೆ ಹೋಗಿ, 1754ರಲ್ಲಿ ಪದವಿಗಾಗಿ ಲ್ಯಾಟಿನ್ ಪ್ರಬಂಧ ಸಲ್ಲಿಸಿದರು. ಅದರ ಪ್ರಯೋಗಗಳನ್ನು ವಿಸ್ತರಿಸಿ ಬರೆದ ಲೇಖನ 1756ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು.

ತಕ್ಕಡಿ ಹೇಳಿದ ಸತ್ಯ

ಆ ಕಾಲದಲ್ಲಿ ಮೂತ್ರಕೋಶದ ಕಲ್ಲು ಕರಗಿಸಲು ಸುಣ್ಣದ ನೀರನ್ನು ಔಷಧಿಯಾಗಿ ಕೊಡುತ್ತಿದ್ದರು. ಯಾವ ಸುಣ್ಣ ಒಳ್ಳೆಯದು ಎಂದು ಎಡಿನ್‌ಬರೊ ಪ್ರಾಧ್ಯಾಪಕರ ನಡುವೆಯೇ ವಾದವಿತ್ತು. ಬ್ಲ್ಯಾಕ್ ಆ ಜಗಳಕ್ಕೆ ಇಳಿಯದೆ ಮೆಗ್ನೀಸಿಯಾ ಆಲ್ಬಾ ಎಂಬ ಬಿಳಿ ಪುಡಿಯನ್ನು ಆರಿಸಿಕೊಂಡರು. ಅದನ್ನು ಚೆನ್ನಾಗಿ ಕಾಯಿಸಿದಾಗ ತೂಕ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಹೊರಬಂದ ಸ್ವಲ್ಪ ನೀರಿನಿಂದ ಅಷ್ಟೊಂದು ನಷ್ಟದ ಲೆಕ್ಕ ಹೊಂದಲಿಲ್ಲ. ಕಾಯಿಸದ ಪುಡಿ ಆಮ್ಲದಲ್ಲಿ ಬುಸುಬುಸು ನೊರೆಯುತ್ತಿತ್ತು. ಕಾಯಿಸಿದ್ದು ನೊರೆಯಿಲ್ಲದೆ ಕರಗಿತು. ಹಾಗಾದರೆ ಹೋಗಿದ್ದು ಗಾಳಿ! ಕರಗಿದ್ದಕ್ಕೆ ಕ್ಷಾರ ಸೇರಿಸಿದಾಗ ಹಳೆಯ ಪುಡಿ ಹೆಚ್ಚುಕಡಿಮೆ ಅದೇ ತೂಕದಲ್ಲಿ ಮರಳಿ ಬಂತು. ಕ್ಷಾರದಲ್ಲಿದ್ದ ಗಾಳಿ ಮೆಗ್ನೀಸಿಯಾಕ್ಕೆ ಸೇರಿಕೊಂಡಿತ್ತು.

ಇದೇ ತರ್ಕವನ್ನು ಅವರು ಸುಣ್ಣಕ್ಕೂ ಅನ್ವಯಿಸಿದರು. ಸುಡುಸುಣ್ಣದ ಉರಿಗುಣ ಬೆಂಕಿಯಿಂದ ಬಂದು ಸೇರಿದ್ದು ಎಂದು ಹಿಂದಿನವರು ನಂಬಿದ್ದರು. ಸುಣ್ಣಕಲ್ಲು ಸುಟ್ಟಾಗ ಏನನ್ನೂ ಪಡೆಯುವುದಿಲ್ಲ, ತನ್ನೊಳಗಿನ ಗಾಳಿಯನ್ನು ಕಳೆದುಕೊಳ್ಳುತ್ತದೆ ಎಂದು ಬ್ಲ್ಯಾಕ್ ತೋರಿಸಿದರು. ಆ ಗಾಳಿಗೆ ಫಿಕ್ಸ್ಡ್ ಏರ್, ಅಂದರೆ ಘನವಸ್ತುವಿನಲ್ಲಿ ನೆಲೆನಿಂತ ಗಾಳಿ, ಎಂಬ ಹೆಸರನ್ನು ಬಳಸಿದರು. ಆ ಹೆಸರು ಅಷ್ಟು ಸೂಕ್ತವಲ್ಲದಿರಬಹುದೆಂದು ಅವರೇ ಒಪ್ಪಿದ್ದರು. ಆದರೆ ವಸ್ತುವಿನ ಗುಣ ಪೂರ್ತಿ ತಿಳಿಯುವ ಮೊದಲೇ ಹೊಸ ಪದ ಹುಟ್ಟಿಸುವುದಕ್ಕಿಂತ, ಓದುಗರಿಗೆ ಪರಿಚಿತವಾದ ಪದವೇ ಮೇಲು ಎಂಬುದು ಅವರ ನಿಲುವು. ಮುಂದೆ ನಮ್ಮ ಉಸಿರಿನಲ್ಲೂ ಹುದುಗುವಿಕೆಯಲ್ಲೂ ಇದ್ದಿಲು ಉರಿದಾಗಲೂ ಇದೇ ಗಾಳಿ ಬರುತ್ತದೆಂದು ಸುಣ್ಣದ ತಿಳಿನೀರಿನಿಂದ ಕಂಡುಕೊಂಡರು. 1787ರಲ್ಲಿ ಲವಾಸಿಯೆ ಮತ್ತು ಸಂಗಡಿಗರು ಹೊಸ ರಾಸಾಯನಿಕ ನಾಮಾವಳಿ ಪ್ರಕಟಿಸಿದಾಗ ಅದರ ಹೆಸರಿನೊಳಗೆ ಕಾರ್ಬನ್ ಸೇರಿತು. ಬ್ಲ್ಯಾಕ್ ಹಳೆಯ ಹೆಸರಿಗೆ ಅಂಟಿಕೊಳ್ಳದೆ ಹೊಸ ಪದ್ಧತಿಯನ್ನು ತಮ್ಮ ವಿದ್ಯಾರ್ಥಿಗಳಿಗೆ ಕಲಿಸಿದರು.

ಅಧ್ಯಾಪಕರಾಗಿ

1756ರಿಂದ ಅವರು ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ಮಂಜುಗಡ್ಡೆಯಿದ್ದ ಒಂದು ಪಾತ್ರೆಯನ್ನೂ ಅಷ್ಟೇ ತಣ್ಣನೆಯ ನೀರಿದ್ದ ಇನ್ನೊಂದನ್ನೂ ಒಂದೇ ಕೋಣೆಯಲ್ಲಿಟ್ಟರು. ನೀರು ಅರ್ಧ ಗಂಟೆಯಲ್ಲಿ ಮುಟ್ಟಿದ ತಾಪವನ್ನು ಮುಟ್ಟಲು ಮಂಜುಗಡ್ಡೆಯ ಪಾತ್ರೆಗೆ ಹತ್ತೂವರೆ ಗಂಟೆ ಬೇಕಾಯಿತು. ಹೀಗೆ ಕಾಣದೆ ಸೇರಿಹೋದ ಶಾಖವೇ ಲೇಟೆಂಟ್ ಹೀಟ್, ನಮ್ಮ ಗುಪ್ತೋಷ್ಣ. ಮುಂಗಾರಿನ ಮೋಡ ಕಟ್ಟುವಾಗ ಬಿಡುಗಡೆಯಾಗುವುದೂ ಈ ಶಾಖವೇ. ವಿಶ್ವವಿದ್ಯಾಲಯಕ್ಕೆ ಉಪಕರಣ ಮಾಡಿಕೊಡುತ್ತಿದ್ದ ಜೇಮ್ಸ್ ವಾಟ್ ಅವರ ಆಪ್ತ ಗೆಳೆಯರಾದರು.

1766ರಲ್ಲಿ ಕಲೆನ್ ಅವರ ಸ್ಥಾನಕ್ಕೆ ಎಡಿನ್‌ಬರೊಗೆ ಬಂದು ಮೂರು ದಶಕ ಪಾಠ ಹೇಳಿದರು. ಮೆಲುದನಿ, ಸ್ಪಷ್ಟ ಉಚ್ಚಾರ, ಅಚ್ಚುಕಟ್ಟಾದ ಪ್ರಯೋಗ. ಅವರ ವಿದ್ಯಾರ್ಥಿ ಡೇನಿಯಲ್ ರುದರ್‌ಫರ್ಡ್ 1772ರಲ್ಲಿ ಸಾರಜನಕವನ್ನು ಬೇರ್ಪಡಿಸಿದರು. ಬ್ಲ್ಯಾಕ್ ಪ್ರಕಟಿಸಿದ್ದು ಬಹಳ ಕಡಿಮೆ. 1799ರಲ್ಲಿ ಅವರು ತೀರಿಕೊಂಡ ಮೇಲೆ ಗೆಳೆಯ ಜಾನ್ ರಾಬಿಸನ್ ಅವರ ಉಪನ್ಯಾಸಗಳನ್ನು 1803ರಲ್ಲಿ ಪುಸ್ತಕವಾಗಿ ತಂದರು.

ನಮ್ಮ ತರಗತಿಗೆ

ಬ್ಲ್ಯಾಕ್ ತೂಗಿದ ಕ್ರಿಯೆ ಇಂದು ಕ್ಯಾಲ್ಸಿಯಂ ಲೂಪಿಂಗ್ ಎಂಬ ವಿಧಾನದಲ್ಲಿದೆ. ಹೊಗೆಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಸುಡುಸುಣ್ಣ ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿಯುತ್ತದೆ, ಇದು ಕ್ಯಾಪ್ಚರ್. ಸುಮಾರು 900 ಡಿಗ್ರಿಗೆ ಕಾಯಿಸಿದಾಗ ಮರಳಿ ಬಿಡುತ್ತದೆ, ಇದು ಕ್ಯಾಲ್ಸಿನೇಷನ್. ಬಿಟ್ಟ ಅನಿಲವನ್ನು ನೆಲದಾಳದಲ್ಲಿ ಕೂಡಿಡುವುದು ಸ್ಟೋರೇಜ್.

ಹತ್ತನೇ ತರಗತಿಯ ಮೊದಲ ಪಾಠದಲ್ಲೇ ಸುಣ್ಣ ಬಳಿದ ಗೋಡೆ ಎರಡು ಮೂರು ದಿನದಲ್ಲಿ ಹೊಳಪು ಪಡೆಯುವ ಉದಾಹರಣೆಯಿದೆ. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹಿಡಿದು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದೇ ಇದಕ್ಕೆ ಕಾರಣ. ಹಾಗಾದರೆ ಎಲ್ಲ ಮನೆಗೂ ಸುಣ್ಣ ಬಳಿದರೆ ವಾತಾವರಣ ಶುದ್ಧವಾಗುವುದೇ ಎಂದು ಮಕ್ಕಳು ಕೇಳಬಹುದು. ಉತ್ತರ ಬ್ಲ್ಯಾಕ್ ಅವರ ತಕ್ಕಡಿಯಲ್ಲಿದೆ. 100 ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ತಿ ಸುಟ್ಟಾಗ 56 ಗ್ರಾಂ ಸುಡುಸುಣ್ಣ ಉಳಿದು 44 ಗ್ರಾಂ ಅನಿಲ ಹೊರಹೋಗುತ್ತದೆ. ಗೋಡೆ ಹಿಡಿಯುವುದು ಹೆಚ್ಚೆಂದರೆ ಅಷ್ಟನ್ನೇ. ಗೂಡಿನ ಸೌದೆ ಅಥವಾ ಕಲ್ಲಿದ್ದಲಿನ ಹೊಗೆ ಬೇರೆ. ಗೂಡಿನಲ್ಲೇ ಅನಿಲ ಹಿಡಿಯದಿದ್ದರೆ ಲಾಭವಿಲ್ಲ. ಈ ಲೆಕ್ಕ ಮಾಡಿದ ಮಗುವಿಗೆ ಎಮಿಷನ್ ಮತ್ತು ಕ್ಯಾಪ್ಚರ್ ನಡುವಿನ ವ್ಯತ್ಯಾಸವನ್ನು ಪ್ರತ್ಯೇಕವಾಗಿ ಬಾಯಿಪಾಠ ಮಾಡಿಸಬೇಕಿಲ್ಲ.

ಪಾಠಯೋಜನೆಯಲ್ಲಿ ಕ್ರಮ ಹೀಗಿರಲಿ. ಮೊದಲು ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿಸಿ ಹಾಲಿನಂತಾಗುವುದನ್ನು ತೋರಿಸಬೇಕು. ಹೀರಬಾರದೆಂದು ಮುಂಚೆಯೇ ಎಚ್ಚರಿಸಬೇಕು, ಸುಡುಸುಣ್ಣವನ್ನು ಮಕ್ಕಳ ಕೈಗೆ ಕೊಡಬಾರದು. ಆಮೇಲೆ ಕಂಡದ್ದನ್ನು ಅವರ ಮಾತಿನಲ್ಲೇ ಹೇಳಿಸಬೇಕು. ಹೀರಿತು, ಹಿಡಿಯಿತು, ಬಿಟ್ಟಿತು ಎಂಬ ಪದಗಳು ಬಂದ ನಂತರ ಅಬ್ಸಾರ್ಬ್, ಕ್ಯಾಪ್ಚರ್, ಎಮಿಟ್ ಎಂದು ಕಪ್ಪುಹಲಗೆಯ ಮೇಲೆ ಬರೆಯಬಹುದು. ಗುಣ ತಿಳಿಯುವವರೆಗೆ ಪರಿಚಿತ ಪದ, ತಿಳಿದ ಮೇಲೆ ಸರಿಯಾದ ಪದ: ಬ್ಲ್ಯಾಕ್ ನಡೆದ ದಾರಿಯೂ ಇದೇ.